ಎರಡು ಸಲ ಎಳೆದರೆ

ಸೆಪ್ಟೆಂಬರ್ 3, ಬುಧವಾರ

ಹೊಸ ನೋಟ್‌ಬುಕ್ಕು. ಹಳೆಯದು ಕರಪತ್ರಗಳಿಂದ ಎತ್ತಿ ಬರೆದುಕೊಂಡ ಸಾಲುಗಳಲ್ಲೇ ಮುಗಿದುಹೋಯಿತು. ಇದರಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಕೆರೆ ಏರಿಯ ಮೇಲೆ ನಮ್ಮ ಕೆರೆ ಕಾವಲು ದಳದ ಕವಾಯತು. ಒಂಬತ್ತು ಜನ. ಖಾಕಿ ಅಂಗಿ, ಬಿದಿರಿನ ಲಾಠಿ, ಎಲ್ಲರ ಕೊರಳಲ್ಲೂ ಸೀಟಿ. ಅರೆಸೇನಾ ಪಡೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದ ಹನುಮಂತರಾಯಪ್ಪನವರು ನಮ್ಮ ನಾಯಕರು, ಊರಿಗೆಲ್ಲ ಹವಾಲ್ದಾರರು. ತ್ಯಾಮಗೊಂಡ್ಲು ರಸ್ತೆಯಲ್ಲಿ ಹೋಗುವವರು ಬೈಕು ನಿಧಾನ ಮಾಡಿ ನಮ್ಮನ್ನು ನೋಡಿ ನಗುತ್ತಾರೆ. ನಗಲಿ. ಲೇಔಟಿನವರು ಭಾನುವಾರಗಳಂದು, ಕಚೇರಿಗಳಿಗೆ ರಜೆ ನೋಡಿಕೊಂಡು, ಟಿಪ್ಪರ್‌ಗಳಲ್ಲಿ ಕಟ್ಟಡ ಕೆಡವಿದ ಮಣ್ಣು ತಂದು ಕೆರೆಗೆ ಸುರಿಯುತ್ತಿದ್ದಾರೆ. ಕೊಟ್ಟ ಅರ್ಜಿಗಳಿಗೆ ಉತ್ತರವಿಲ್ಲ. ಜನ ತಾವೇ ಎದ್ದು ನಿಲ್ಲುವ ತನಕ ಯಾವ ನೆಲವೂ ಉಳಿದಿಲ್ಲ.

ಎತ್ತರದ ಪ್ರಕಾರ ಸಾಲು. ನಾನು ಕೊನೆಯವನು. ನನ್ನ ಮುಂದಿನ ಜಾಗ ಗೋವಿಂದಣ್ಣನವರದು. ಕೆರೆಯ ತೂಬು ತೆಗೆದು ಮುಚ್ಚುವ ನೀರಗಂಟಿ ಮನೆತನ ಅವರದು. ಊರಿನಲ್ಲಿ ಚಿಕ್ಕ ಮಕ್ಕಳೂ ಅವರನ್ನು ಏಕವಚನದಲ್ಲೇ ಕೂಗುತ್ತಾರೆ. ನಾನು ಕೂಗುವುದಿಲ್ಲ. ಬರೆಯುವಾಗಲೂ ಬಹುವಚನವೇ. ಸಮಾನತೆ ಭಾಷಣದಲ್ಲಿ ಅಲ್ಲ, ಕ್ರಿಯಾಪದದಲ್ಲಿ ಇರಬೇಕು.

ಸೆಪ್ಟೆಂಬರ್ 7, ಭಾನುವಾರ

ನಾನು ದುಡಿಯುವ ಗೋದಾಮಿಗೆ ರಜೆ. ಗೋವಿಂದಣ್ಣನವರ ಜೊತೆ ತೂಬಿಗೆ ಹೋದೆ. ಅವರು ಮುಳುಗಿ ತೂಬಿನ ಬಾಯಿಗೆ ಕಟ್ಟಿದ ಕಸ, ಬೇರು ತೆಗೆಯುತ್ತಾರೆ, ನಾನು ಏರಿಯ ಮೇಲೆ ಹಗ್ಗ ಹಿಡಿಯುತ್ತೇನೆ. ಹಗ್ಗದ ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ನನ್ನ ಮುಂಗೈಗೆ. ಮೂರು ವರ್ಷದಿಂದ ಇದು ನನ್ನ ಕೆಲಸ. ಒಂದು ಸಲ ಎಳೆದರೆ ಇನ್ನಷ್ಟು ಹಗ್ಗ ಬಿಡು ಅಂತ. ಎರಡು ಸಲ ಎಳೆದರೆ ಏನೂ ಕೇಳದೆ ಮೇಲಕ್ಕೆಳಿ ಅಂತ.

ಅವರ ಅಪ್ಪ ಕಲಿಸಿದ್ದಂತೆ. ತೂಬಿನ ಬಾಯಿ ತೆರೆದ ಕ್ಷಣಕ್ಕೆ ನೀರು ಒಳಕ್ಕೆ ಸೆಳೆಯುತ್ತದೆ, ಆಗ ಎಳೆಯುವವನು ಬೇಕೇ ಬೇಕು, ಅದಕ್ಕೇ ನೀರಗಂಟಿ ಒಬ್ಬನೇ ಇಳಿಯುವುದಿಲ್ಲ. ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಾ, "ಹೆಂಡ್ತಿಗಿಂತ ಹಗ್ಗ ಹಿಡಿಯೋನು ಹತ್ರದೋನು ಕಣೋ ಬೈರ, ಇದನ್ನ ನಿಮ್ಮತ್ತಿಗೆಗೆ ಹೇಳ್ಬೇಡ" ಎಂದರು.

ಅವರ ಮನೆಯಲ್ಲೇ ಮುದ್ದೆ, ಬಸ್ಸಾರು. ದಿವ್ಯ ಅತ್ತಿಗೆ ಎರಡನೇ ಮುದ್ದೆಯನ್ನು ಕೇಳದೇ ಹಾಕಿದರು. ಮಗಳು ಹರ್ಷಿತಳಿಗೆ ಏಳರ ಮಗ್ಗಿ ಹೇಳಿಕೊಟ್ಟೆ. ಏಳೆಂಟಕ್ಕೆ ಬಂದು ನಿಂತುಬಿಡುತ್ತಾಳೆ. ನಾನು ಅಲ್ಲಿ ಉಣ್ಣುವುದು ನಮ್ಮಮ್ಮನಿಗೆ ಗೊತ್ತು. ಮನೆಗೆ ಬಂದಾಗ ಹೊಸ್ತಿಲಾಚೆಯೇ ಕಾಲಿಗೆ ನೀರು ಕೊಡುತ್ತಾಳೆ.

ಸೆಪ್ಟೆಂಬರ್ 10, ಬುಧವಾರ

ಊರಿಗೆ ಸಿನಿಮಾದವರು ಬಂದಿದ್ದಾರೆ. ಕಾಂತರಾಜುವಿನ ಪಾಳುಬಿದ್ದ ಹೆಂಚಿನ ಕಾರ್ಖಾನೆಯಲ್ಲಿ ಶೂಟಿಂಗು. ಹೆಸರಿನ್ನೂ ಇಟ್ಟಿಲ್ಲ, ಬೋರ್ಡಿನ ಮೇಲೆ ಪ್ರೊಡಕ್ಷನ್ ನಂ. 2 ಎಂದಷ್ಟೇ ಇದೆ. ಕಾಡಿನಲ್ಲಿ ಒಂದು ಬಂದೂಕಿನ ಪಡೆ, ಅದರೊಳಗೆ ಸರ್ಕಾರಕ್ಕೆ ಸುಳಿವು ಕೊಡುವ ಒಬ್ಬ ಮಾಹಿತಿದಾರ, ಅವನು ಯಾರು ಎನ್ನುವುದೇ ಕಥೆ. ಹೆಜ್ಜೆ ಹಾಕಲು ಬರುವ ಹುಡುಗರು ಬೇಕಂತೆ. ಹವಾಲ್ದಾರರು ನಮ್ಮೆಲ್ಲರನ್ನೂ ಒಪ್ಪಿಸಿದರು.

ಸಿನಿಮಾ ಜನರನ್ನು ಮಂಕುಮಾಡುವ ಉದ್ಯಮ ಎಂದು ನಾನೇ ಎಷ್ಟು ಸಲ ವಾದಿಸಿದ್ದೇನೆ. ಆದರೆ ಇದರ ವಸ್ತು ಬೇರೆ.

ಸೆಪ್ಟೆಂಬರ್ 12, ಶುಕ್ರವಾರ

ನನಗೆ ಒಂದು ಡೈಲಾಗು ಕೊಟ್ಟರು. ಒಂಬತ್ತು ಜನರಲ್ಲಿ ನನಗೊಬ್ಬನಿಗೇ. "ಸುಳಿವು ಕೊಟ್ಟೋನು ನಮ್ಮ ಜೊತೇಲೇ ಉಂಡೋನು." ನನ್ನ ಕಣ್ಣಲ್ಲಿ ಬೆಂಕಿ ಇದೆಯಂತೆ, ಅಸಿಸ್ಟೆಂಟ್ ಡೈರೆಕ್ಟರ್ ಅಕ್ಷತ ಹೇಳಿದರು.

ಆಕೆ ಚುರುಕಾದ ಹೆಂಗಸು. ಊಟಕ್ಕೆ ಮೊದಲು ಅರ್ಧ ಗಂಟೆ ನನ್ನ ಜೊತೆಯೇ ಕೂತಿದ್ದರು. ನಿಜವಾದ ದಳ ಹೇಗೆ ಕೆಲಸ ಮಾಡುತ್ತದೆ, ಯೋಜನೆ ಹೇಗೆ ಹಾಕುತ್ತದೆ ಎಂದು ಕೇಳಿದರು. ಯಾರೂ ಇದುವರೆಗೆ ನನ್ನನ್ನು ಹೀಗೆ ಕೇಳಿರಲಿಲ್ಲ. ನಾನು ವಿವರವಾಗಿ ಹೇಳಿದೆ. ಉದಾಹರಣೆಗೆ ಈ ಭಾನುವಾರದ್ದನ್ನೇ ಹೇಳಿದೆ. ಉತ್ತರದ ರಸ್ತೆಯ ಹೊಂಗೆ ತೋಪಿನಲ್ಲಿ ಹತ್ತು ಗಂಟೆಗೆ ಎಲ್ಲರೂ ಅಡಗುವುದು, ಮೂರು ಸೀಟಿಗೆ ಟಿಪ್ಪರ್‌ಗಳನ್ನು ಸುತ್ತುಗಟ್ಟುವುದು, ಮೊದಲೇ ಹೇಳಿಟ್ಟ ಕಂದಾಯ ನಿರೀಕ್ಷಕರನ್ನು ಕರೆಸಿ ಮಹಜರು ಮಾಡಿಸುವುದು. ಪುಸ್ತಕದಲ್ಲಿ ಬರೆದುಕೊಂಡರು. ಕಾಂತರಾಜು ಎರಡು ಕುರ್ಚಿಯಾಚೆ ಫೋನು ನೋಡುತ್ತಾ ಕೂತಿದ್ದ. ಹೋದ ವರ್ಷ ಲೇಔಟಿನವರಿಗೆ ತನ್ನ ಜಮೀನು ಕೊಟ್ಟವನು, ಈಗ ಅವನಿಗೆ ಸಿನಿಮಾದ್ದೇ ಗುಂಗು. ನನಗೂ ಒಂದು ಟೀ ತರಿಸಿದ.

ಗೋವಿಂದಣ್ಣನವರು ಹಿಂದಿನ ಹುಣಸೆ ಮರದ ಕೆಳಗೆ ವೇಷದಲ್ಲೇ ನಿಂತು ನನ್ನ ಕಡೆ ಕೈ ಮಾಡುತ್ತಿದ್ದರು. ಗಾಳಿಯಲ್ಲಿ ಎರಡು ಸಲ ಹಗ್ಗ ಎಳೆದ ಹಾಗೆ. ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ. ದೊಡ್ಡವರ ಎದುರಿಗೆ ಅದೇನು ಚೇಷ್ಟೆ ಎಂದು ಸಿಟ್ಟೂ ಬಂತು. ನೋಡದವನಂತೆ ಮಾತು ಮುಂದುವರಿಸಿದೆ. ಆಮೇಲೆ ಶಾಟ್ ತೆಗೆಯುವಾಗಲೂ ಅವರು ಅಲ್ಲೇ ನಿಂತು ಹಾಗೇ ಮಾಡಿದರಂತೆ. ದಳದ ಮುನಿಕೃಷ್ಣ ಹೇಳಿ ನಕ್ಕ.

ಸೆಪ್ಟೆಂಬರ್ 14, ಭಾನುವಾರ

ಒಂದೂ ಟಿಪ್ಪರ್ ಬರಲಿಲ್ಲ. ಹತ್ತರಿಂದ ಹನ್ನೆರಡರವರೆಗೆ ತೋಪಿನಲ್ಲಿ ಇರುವೆ ಕಚ್ಚಿಸಿಕೊಂಡು ಕೂತಿದ್ದೆವು. ಆಮೇಲೆ ದಕ್ಷಿಣದ ಕಡೆಯಿಂದ ಸದ್ದು. ಓಡಿ ಹೋಗುವಷ್ಟರಲ್ಲಿ ಏಳು ಲೋಡು ಸುರಿದು ಹೊರಟುಹೋಗಿದ್ದರು. ಕೋಡಿಯ ಕಾಲುವೆ ಮುಚ್ಚಿಹೋಗಿದೆ. ತೂಬಿನ ಪಕ್ಕಕ್ಕೂ ಒಂದು ಗುಡ್ಡೆ. ಕೊನೆಯ ಟಿಪ್ಪರಿನ ಡ್ರೈವರು ನಮ್ಮ ಕಡೆ ತಿರುಗಿ, ಬಾಯಲ್ಲಿ ಬೆರಳಿಟ್ಟು ಮೂರು ಸಲ ಸೀಟಿ ಹೊಡೆದ.

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು.

ಸೆಪ್ಟೆಂಬರ್ 16, ಮಂಗಳವಾರ

ನಮ್ಮೊಳಗೇ ಇದ್ದಾನೆ. ಸಂಜೆ ಹವಾಲ್ದಾರರ ಮನೆಯ ಜಗಲಿಯಲ್ಲಿ ಸಭೆ. ಯಾರೂ ಯಾರ ಮುಖವನ್ನೂ ನೇರ ನೋಡಲಿಲ್ಲ. ಪಿಳ್ಳಣ್ಣನಿಗೆ ಕೆರೆ ಕೆಳಗೆ ಮೂರು ಎಕರೆ ತೋಟವಿದೆ. ಅವನು ನೆಲ ನೋಡಿಕೊಂಡೇ ಹೇಳಿದ, "ಕೆರೆ ಹೋದ್ರೆ ಯಾರಿಗೆ ಏನು ಹೋಯ್ತದೆ ಅಂತ ನೋಡಿ. ಒಂದು ಗುಂಟೇನೂ ಇಲ್ದೋರೂ ಇದ್ದಾರಲ್ಲ ನಮ್ಮಲ್ಲಿ." ಹೆಸರು ಹೇಳಲಿಲ್ಲ. ಗೋವಿಂದಣ್ಣ ಬೀಡಿ ಆರಿಸಿ ಮತ್ತೆ ಹಚ್ಚಿದ.

ಆ ಮಾತನ್ನು ನಾನು ಖಂಡಿಸಬೇಕಿತ್ತೇನೋ. ಆದರೆ ಭಾವನೆಗಿಂತ ಸಾಕ್ಷ್ಯ ಮುಖ್ಯ. ಸಿನಿಮಾದಲ್ಲಿಯೂ ಪಡೆಯವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷೆಗೆ ನಿಲ್ಲಿಸುತ್ತಾರೆ. ಹಾಗಾಗಿ ನಾನೇ ಎದ್ದು ಸೂಚಿಸಿದೆ: ಏರಿಯ ಮೇಲಿನ ಗಂಗಮ್ಮನ ಕಲ್ಲಿನ ಮುಂದೆ ಕರ್ಪೂರ ಹಚ್ಚಿ, ಒಬ್ಬೊಬ್ಬರೂ ಅಂಗೈಯಿಂದ ಆರಿಸಿ ಪ್ರಮಾಣ ಮಾಡಲಿ. ಸುಳ್ಳಾಣೆ ಮಾಡಿದವನ ವಂಶ ಉಳಿಯುವುದಿಲ್ಲ ಎಂದು ಊರು ನಂಬುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ತಪ್ಪಿತಸ್ಥನಿಗೆ ಇದ್ದರೆ ಸಾಕು. ಹವಾಲ್ದಾರರು ನನ್ನ ಬೆನ್ನು ತಟ್ಟಿದರು.

ಸೆಪ್ಟೆಂಬರ್ 18, ಗುರುವಾರ

ಸಿಕ್ಕಿದ.

ಬೆಳಿಗ್ಗೆ ಏಳಕ್ಕೆ, ಕವಾಯತಿನ ಸಾಲಿನಲ್ಲೇ ನಿಂತೆವು. ಹವಾಲ್ದಾರರು ಮೊದಲು ಆರಿಸಿದರು. ಪಿಳ್ಳಣ್ಣ, ಮುನಿಕೃಷ್ಣ, ಹೀಗೆ ಏಳು ಜನ. ಪ್ರತಿ ಸಲ ಹೊಸ ಕರ್ಪೂರ. ಎಂಟನೆಯವನು ನೀರಗಂಟಿ ಗೋವಿಂದರಾಜು, ಒಂಬತ್ತನೆಯವನು ನಾನು. ತಟ್ಟೆ ಅವನ ಮುಂದೆ ಬಂತು. ಅವನು ಒಮ್ಮೆ ತಿರುಗಿ ನನ್ನ ಮುಖ ನೋಡಿದ. ಆಮೇಲೆ ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡ.

"ನನ್ನ ಕೈಲಿ ಆಗಲ್ಲ. ಇಲ್ಲಿಗೇ ನಿಲ್ಸಿಬಿಡಿ."

"ಯಾಕೋ?" ಎಂದರು ಹವಾಲ್ದಾರರು.

"ಆಗಲ್ಲ ಅಂದೆನಲ್ಲ. ತಟ್ಟೆ ಮುಂದಕ್ಕೆ ಕಳಿಸ್ಬೇಡಿ, ಸಾಕು."

ವರ್ಷಕ್ಕೊಮ್ಮೆ ಆ ಕಲ್ಲಿಗೆ ತಾನೇ ಎಣ್ಣೆ ಹಚ್ಚಿ ಸೀರೆ ಉಡಿಸುವವನು. ಅವನಿಗೇ ಕೈ ಬರಲಿಲ್ಲ. ಇದಕ್ಕಿಂತ ಸಾಕ್ಷ್ಯ ಇನ್ನೇನು ಬೇಕು? ಕರ್ಪೂರ ತಾನೇ ಉರಿದು ಮುಗಿಯಿತು. ನನ್ನ ಸರದಿ ಬರಲೇ ಇಲ್ಲ, ಬೇಕಾಗಿಯೂ ಇರಲಿಲ್ಲ. ಹವಾಲ್ದಾರರು ಅವನ ಕೊರಳಿನ ಸೀಟಿ ಬಿಚ್ಚಿಕೊಂಡರು. ಅಂಗಿಯನ್ನು ಅಲ್ಲೇ ಬಿಚ್ಚಿಸಿದರು. ಬನಿಯನ್ನಿನಲ್ಲೇ ಏರಿ ಇಳಿದು ಹೋದ.

ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟ. ಕೊಡವಿದೆ.

ಸೆಪ್ಟೆಂಬರ್ 24, ಬುಧವಾರ

ಡೇರಿಯಲ್ಲಿ ನೀರಗಂಟಿಯ ಹಾಲನ್ನು, ನೀರು ಬೆರೆಸಿದ್ದಾನೆಂದು, ವಾಪಸ್ ಕಳಿಸಿದರಂತೆ. ಅಮ್ಮ ಹೇಳಿದಳು. ಸಾಮಾಜಿಕ ಬಹಿಷ್ಕಾರವನ್ನು ತಾತ್ವಿಕವಾಗಿ ನಾನು ಒಪ್ಪುವುದಿಲ್ಲ. ಆದರೆ ಇದು ಬಹಿಷ್ಕಾರವಲ್ಲ, ಪರಿಣಾಮ.

ಸೆಪ್ಟೆಂಬರ್ 29, ಸೋಮವಾರ

ಬಸ್ ನಿಲ್ದಾಣದಲ್ಲಿ ಹರ್ಷಿತ. ಏಳೆಂಟು ಐವತ್ತಾರು ಎಂದು ದೂರದಿಂದಲೇ ಕೂಗಿದಳು. ಅರಿಶಿನಕುಂಟೆಯ ಬಸ್ಸು ಬಂತು. ಹತ್ತಿದೆ.

ಅಕ್ಟೋಬರ್ 6, ಸೋಮವಾರ

ಮೂರು ದಿನದಿಂದ ಒಂದೇ ಸಮನೆ ಮಳೆ. ಕೆರೆ ತುಂಬುತ್ತಿದೆ. ಏಳು ವರ್ಷದ ಮೇಲೆ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ನೀರಗಂಟಿ ನಮ್ಮ ಮನೆಯ ಗೇಟಿನ ಹತ್ತಿರ ನಿಂತಿದ್ದ, ಹೆಗಲ ಮೇಲೆ ಹಗ್ಗದ ಸುತ್ತು. ಒಳಗೆ ಬರಲಿಲ್ಲ.

ಕೋಡಿ ಮುಚ್ಚಿದೆ, ನೀರಿಗೆ ದಾರಿಯಿಲ್ಲ ಎಂದ. ಸುರಿದ ಮಣ್ಣು ಜಾರಿ ತೂಬಿನ ಬಾಯಿಗೂ ಕೂತಿದೆಯಂತೆ. ಇವತ್ತು ಸಂಜೆಯೊಳಗೆ ಬಿಡಿಸದಿದ್ದರೆ ಏರಿ ಒಡೆದು ಕೆಳಗಿನ ಇಪ್ಪತ್ತು ಮನೆ ಹೋಗುತ್ತವೆ ಎಂದ. ಪಂಚಾಯಿತಿಗೆ ಹೇಳಿದನಂತೆ, ನಾಳೆ ಜೆಸಿಬಿ ಕಳಿಸುತ್ತೇವೆ ಅಂದರಂತೆ.

"ಒಂದೇ ಒಂದು ಗಳಿಗೆ ಹಗ್ಗ ಹಿಡ್ಕೋ ಬಾರೋ ಬೈರ. ಆಮೇಲೆ ಮಾತಾಡಿಸ್ಬೇಡ, ಬೇಡ ಅನ್ನಲ್ಲ."

"ಮಣ್ಣು ಸುರಿಸಿದೋರನ್ನೇ ಕರ್ಕೊಂಡು ಹೋಗು. ಅವ್ರೇ ಹಿಡೀತಾರೆ."

ಹೀಗೆ ಹೇಳಿದೆ. ಸರಿಯಾಗೇ ಹೇಳಿದೆ. ಅವನು ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡು, "ಆಯ್ತು ಬಿಡು, ಬಸ್ಸು ಹೋಗ್ಬಿಡ್ತದೆ, ನಡಿ" ಎಂದ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಜೋಡಿಸುವಾಗ ಅವನ ನಟನೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಎಷ್ಟು ಸಹಜವಾಗಿ

ಅಮ್ಮ ಕೂಗುತ್ತಿದ್ದಾಳೆ. ಹೊರಗೆ ಜನ ಓಡುತ್ತಿದ್ದಾರೆ.

ಅಕ್ಟೋಬರ್ 9, ಗುರುವಾರ

ಗೋವಿಂದಣ್ಣ ಹೋದರು.

ಅಕ್ಟೋಬರ್ 12, ಭಾನುವಾರ

ಬರೆದಿಡಬೇಕು. ಕಂಡದ್ದನ್ನು ಮಾತ್ರ ಬರೆಯುತ್ತೇನೆ ಎಂದು ಮೊದಲ ಪುಟದಲ್ಲಿದೆ.

ನಾನು ಬಸ್ಸು ಹತ್ತಿದ ಮೇಲೆ ಅವರು ಮುನಿಕೃಷ್ಣನ ಮನೆಗೆ ಹೋಗಿದ್ದರಂತೆ, ಇನ್ನೂ ಇಬ್ಬರ ಮನೆಗೆ ಹೋಗಿದ್ದರಂತೆ. ಯಾರೂ ಬರಲಿಲ್ಲ. ದಿವ್ಯ ಅತ್ತಿಗೆ ಡಾಬಸ್‌ಪೇಟೆಗೆ ಹೋಗಿದ್ದರು, ತಾಯಿಗೆ ಹುಷಾರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬರೇ ಇಳಿದಿದ್ದಾರೆ. ಸಂಜೆ ನಾಲ್ಕಕ್ಕೆ ಕೆಳಗಿನ ಕಾಲುವೆಯಲ್ಲಿ ನೀರು ಬಂತೆಂದು ಊರಿನವರು ಸಂತೋಷಪಟ್ಟಿದ್ದಾರೆ, ಮಕ್ಕಳು ಹಾರಿ ಆಡಿದ್ದಾರೆ. ನೀರು ಬಿಟ್ಟವರೆಲ್ಲಿ ಎಂದು ಕತ್ತಲಾಗುವ ತನಕ ಯಾರಿಗೂ ಹೊಳೆದಿಲ್ಲ.

ಮಾರನೆಯ ದಿನ ಅಗ್ನಿಶಾಮಕದವರು ತೆಗೆದರು. ತೂಬಿನ ಬಾಯಿ ಪೂರ್ತಿ ತೆರೆದಿತ್ತು. ಹಗ್ಗ ಸೊಂಟದಲ್ಲೇ ಇತ್ತು.

ಇನ್ನೊಂದು ತುದಿಯನ್ನು ಏರಿಯ ಮೇಲಿನ ಹೊಂಗೆ ಮರಕ್ಕೆ ಕಟ್ಟಿದ್ದರು, ನಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ. ಎಲ್ಲರೂ ಕೆಳಗೆ ನೋಡುತ್ತಿದ್ದಾಗ ನಾನು ಮರ ನೋಡಿದೆ. ಹಗ್ಗ ಸುತ್ತಿದ ಕಡೆ ತೊಗಟೆ ಎದ್ದು ಒಳಗಿನ ಹಸಿ ಕಾಣುತ್ತಿತ್ತು. ಒಂದು ಸಲಕ್ಕೆ ಹಾಗಾಗುವುದಿಲ್ಲ. ಎರಡು ಸಲಕ್ಕೂ ಆಗುವುದಿಲ್ಲ.

ಅಕ್ಟೋಬರ್ 19, ಭಾನುವಾರ

ಹನ್ನೊಂದನೆಯ ದಿನದ ತಿಥಿ. ದಳದಿಂದ ಯಾರೂ ಬಂದಿರಲಿಲ್ಲ. ನಾನು ಶಾಮಿಯಾನದ ಹೊರಗೇ ನಿಂತಿದ್ದೆ. ಎಡೆ ಇಟ್ಟಾದ ಮೇಲೆ ದಿವ್ಯ ಅತ್ತಿಗೆಯೇ ಬಂದು ಒಳಗೆ ಕೂರಿಸಿದರು. ಮೊದಲು ನೀನು ಎನ್ನುತ್ತಿದ್ದರು. ಇವತ್ತು ನೀವು.

ನಾನು ಏನೋ ಹೇಳಲು ಹೋದೆ. ಗೋವಿಂದಣ್ಣನವರು ಮಾಹಿತಿ ಕೊಟ್ಟದ್ದು ನಿಜವೇ ಇರಲಿ, ಹಗ್ಗ ಹಿಡಿಯದ್ದು ನನ್ನ ತಪ್ಪು, ಕ್ಷಮಿಸಿದ್ದೇನೆ ಎಂಬ ಅರ್ಥದ ಮಾತು. ಹೌದು, ಕ್ಷಮಿಸಿದ್ದೇನೆ ಎಂದೇ ಹೇಳಿದೆ. ಅತ್ತಿಗೆ ಎಲೆ ಒರೆಸುತ್ತಿದ್ದ ಕೈ ನಿಲ್ಲಿಸಿದರು.

"ನಿಮಗೆ ಇನ್ನೂ ಗೊತ್ತಾಗ್ಲಿಲ್ವಾ?" ಎಂದರು.

ಆಮೇಲೆ ದನಿ ಏರಿಸದೆ ಹೇಳಿದರು. ಶೂಟಿಂಗಿನ ದಿನ ಗೋವಿಂದಣ್ಣ ಹುಣಸೆ ಮರದ ಕೆಳಗಿನಿಂದ ನನ್ನ ಮಾತೆಲ್ಲ ಕೇಳಿಸಿಕೊಂಡಿದ್ದರು. ಕಾಂತರಾಜು ಫೋನು ಕಿವಿಗಿಟ್ಟುಕೊಂಡು ಎದ್ದು ಗೋಡೆಯ ಮರೆಗೆ ಹೋದದ್ದನ್ನೂ ನೋಡಿದ್ದರು. ನನ್ನನ್ನು ಎಬ್ಬಿಸಲು ಸನ್ನೆ ಮಾಡಿದ್ದರು. ಭಾನುವಾರ ಟಿಪ್ಪರ್ ದಾರಿ ಬದಲಿಸಿದಾಗ ಅವರಿಗೆ ಎಲ್ಲ ಅರ್ಥವಾಗಿತ್ತು. ಮೊದಲೇ ಹವಾಲ್ದಾರರಿಗೆ ಹೇಳಿ ಅಂದರಂತೆ ಅತ್ತಿಗೆ. ಹುಡುಗನ್ನ ಬೀದೀಲಿ ನಿಲ್ಲಿಸಿಬಿಡ್ತಾರೆ, ನಾನೇ ಒಂದು ದಿನ ತೂಬಿನ ಹತ್ರ ಕೂರಿಸ್ಕೊಂಡು ಮೆತ್ತಗೆ ಹೇಳ್ತೀನಿ ಅಂದರಂತೆ ಅವರು.

"ಆಮೇಲೆ ನೀವೇ ಕರ್ಪೂರದ ಮಾತೆತ್ತಿದ್ರಂತಲ್ಲ. ಬಂದು ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ನಾನು ಆರಿಸಿದ್ರೆ ಮುಂದಿನ ತಟ್ಟೆ ಬೈರಂಗೆ ಹೋಗ್ತದೆ ಕಣೇ, ಅವನು ಗಂಗಮ್ಮನ ಮುಂದೆ ಸುಳ್ಳಾಣೆ ಮಾಡ್ಬಿಡ್ತಾನೆ, ಅವನಿಗೇ ಗೊತ್ತಿಲ್ದೆ, ಅಂದ್ರು. ಅವನಿಗಿನ್ನೂ ಮದ್ವೆ ಆಗ್ಬೇಕು, ಮಕ್ಳಾಗ್ಬೇಕು, ಅಂದ್ರು."

ಅವರು ಮತ್ತೆ ಎಲೆ ಒರೆಸತೊಡಗಿದರು. ಬಡಿಸಿದರು. ಉಂಡೆ. ಎರಡನೇ ಸಲ ಕೇಳಿ ಹಾಕಿದರು.

ಅಕ್ಟೋಬರ್ 20, ಸೋಮವಾರ

ಸೆಪ್ಟೆಂಬರ್ ಹನ್ನೆರಡರ ಪುಟ ತೆಗೆದು ಓದಿದೆ. ಎಲ್ಲ ಇದೆ. ಕುರ್ಚಿ, ಫೋನು, ಟೀ, ಸನ್ನೆ. ನನ್ನದೇ ಅಕ್ಷರ.

ಅಕ್ಟೋಬರ್ 26, ಭಾನುವಾರ

ಕವಾಯತಿಗೆ ಹೋದೆ. ಸಾಲಿನಿಂದ ಮುಂದೆ ಬಂದು ಎಲ್ಲ ಹೇಳಿದೆ. ಕರ್ಪೂರ ತಂದಿದ್ದೆ. ನಾನೇ ಹಚ್ಚಿದೆ, ನಾನೇ ಆರಿಸಿದೆ. ಯಾರೂ ಕೇಳಿರಲಿಲ್ಲ. ಅಂಗೈ ಸ್ವಲ್ಪ ಹೆಚ್ಚು ಹೊತ್ತು ಇಟ್ಟೆನೋ ಏನೋ.

ಪಿಳ್ಳಣ್ಣ ಬೇರೆ ಕಡೆ ನೋಡಿದ. ಹವಾಲ್ದಾರರು ನನ್ನನ್ನು ಪಕ್ಕಕ್ಕೆ ಕರೆದು, ತಂದೆಯ ಹಾಗೆ, ಹೆಗಲ ಮೇಲೆ ಕೈ ಹಾಕಿದರು.

"ನೀನು ಓದ್ಕೊಂಡಿರೋ ಹುಡುಗ, ನಿನ್ನಿಂದ ದಳ ನಡೀಬೇಕು. ಹೋದೋನು ಹೋದ. ಅವನ ಮೇಲೇ ಇರ್ಲಿ ಬಿಡಪ್ಪ, ಅವನಿಗೇನು ಭಾರ ಆಗ್ತದಾ?"

ಅಂಗಿ ಬಿಚ್ಚಿ ಗಂಗಮ್ಮನ ಕಲ್ಲಿನ ಹತ್ತಿರ ಮಡಿಸಿಟ್ಟೆ. ಸೀಟಿಯನ್ನೂ ಇಟ್ಟೆ. ಬನಿಯನ್ನಿನಲ್ಲಿ ಏರಿ ಇಳಿದು ಬರುವಾಗ ಚಳಿ ಎನಿಸಿತು. ಅವರಿಗೂ ಎನಿಸಿರಬೇಕು.

ಅಮ್ಮ ಅಂಗೈಗೆ ಬೆಣ್ಣೆ ಹಚ್ಚಿದಳು.

ನವೆಂಬರ್ 2, ಭಾನುವಾರ

ಹರ್ಷಿತ ಎಂಟರ ಮಗ್ಗಿಗೆ ಬಂದಿದ್ದಾಳೆ. ಬಾಗಿಲಲ್ಲೇ ಕೂತು ಹೇಳಿಸಿದೆ.

ನವೆಂಬರ್ 8, ಶನಿವಾರ

ಡಬ್ಬಿಂಗಿಗೆ ಬರಬೇಕೆಂದು ಅಕ್ಷತ ಫೋನು ಮಾಡಿದ್ದರು. ಹೋಗಬಾರದು ಅಂದುಕೊಂಡಿದ್ದೆ. ಹೋದೆ. ಬೆಂಗಳೂರಿನಲ್ಲಿ ಒಂದು ಮನೆಯ ನೆಲಮಾಳಿಗೆ, ಗೋಡೆಗೆಲ್ಲ ಮೆತ್ತೆ ಹೊಡೆದಿದ್ದಾರೆ. ಆಕೆ ನನ್ನ ಕೈ ನೋಡಿ ಏನಾಯಿತು ಎಂದರು. ಅಡುಗೆ ಮಾಡುವಾಗ ಎಂದೆ. ಕಾಂತರಾಜುವಿನ ಬಗ್ಗೆ ಕೇಳಿದೆ. "ಅವರಾ? ಪಾಪ, ಒಳ್ಳೆಯವರು. ನಿಮ್ಮ ದಳದ ವಿಷಯ ನನ್ನ ಹತ್ರ ಇನ್ನೊಂದ್ಸಲ ಕೇಳಿ ತಿಳ್ಕೊಂಡ್ರು" ಎಂದರು. ಏನೂ ತಿಳಿಯದ ಮುಖ. ನನ್ನದೂ ಅವತ್ತು ಹೀಗೇ ಇದ್ದಿರಬೇಕು.

ದೀಪ ಆರಿಸಿ ಪರದೆಯ ಮೇಲೆ ನನ್ನನ್ನು ಹಾಕಿದರು. ಖಾಕಿ ಅಂಗಿ, ಕಣ್ಣಲ್ಲಿ ಅವರು ಹೇಳಿದ ಬೆಂಕಿ. ತುಟಿ ಅಲ್ಲಾಡುತ್ತದೆ, ದನಿಯಿಲ್ಲ. ಆ ತುಟಿಗೆ ಸರಿಯಾಗಿ ನಾನು ಹೇಳಬೇಕು, ಸುಳಿವು ಕೊಟ್ಟೋನು ನಮ್ಮ ಜೊತೇಲೇ ಉಂಡೋನು. ನಾಲ್ಕು ಸಲ ತಪ್ಪಿತು. ಐದನೆಯ ಸಲಕ್ಕೆ ಧ್ವನಿಯ ಹುಡುಗ, "ಸೂಪರ್ ಗುರು, ಇದೇ ಇರ್ಲಿ, ಫೀಲ್ ಬಂತು" ಎಂದ.

ಆಮೇಲೆ ಸರಿ ಕೂತಿದೆಯೇ ನೋಡಲು ಮತ್ತೊಮ್ಮೆ ಓಡಿಸಿದರು. ಆಗ ನಾನು ನನ್ನ ಮುಖ ಬಿಟ್ಟು ಹಿಂದೆ ನೋಡಿದೆ.

ಹುಣಸೆ ಮರ. ಅದರ ಕೆಳಗೆ, ಸ್ವಲ್ಪ ಮಸುಕಾಗಿ, ಗೋವಿಂದಣ್ಣನವರು. ನನ್ನ ಬೆನ್ನನ್ನೇ ನೋಡುತ್ತಿದ್ದಾರೆ. ಬಾಯಿ ತೆರೆದು ಏನೋ ಅನ್ನುತ್ತಾರೆ. ಕೈ ಎತ್ತಿ ಎಳೆಯುತ್ತಾರೆ, ಇನ್ನೊಮ್ಮೆ ಎಳೆಯುತ್ತಾರೆ. ಏನೂ ಕೇಳದೆ ಮೇಲೆ ಬಾ ಅಂತ.

ಹಿಂದೆ ನಿಂತಿರುವವರ ಮಾತನ್ನೂ ಸೇರಿಸಬಹುದೇ, ನಾನೇ ಹೇಳುತ್ತೇನೆ, ಏನು ಹೇಳುತ್ತಿದ್ದಾರೆಂದು ನನಗೆ ಗೊತ್ತು ಎಂದು ಕೇಳಿದೆ. ಧ್ವನಿಯ ಹುಡುಗ ಪರದೆಯ ಹತ್ತಿರ ಬಗ್ಗಿ ನೋಡಿದ.

"ಯಾರು, ಆ ಮರದ ಹತ್ರ ಇರೋರಾ? ಬೇಡ ಗುರು. ಅವರನ್ನ ಯಾರೂ ನೋಡಲ್ಲ."

ಇನ್ನೊಂದು ಸಲ ಓಡಿಸಿ ಎಂದೆ. ಓಡಿಸಿದ. ಅವರು ಎರಡು ಸಲ ಎಳೆದರು. ಕತ್ತಲಲ್ಲಿ ನನ್ನ ಮುಂಗೈ ತಾನಾಗಿ ಬಿಗಿಯಿತು.